ಮೂರನೇ ಕರಡು

ದುರ್ಗಿಗುಡಿಯಲ್ಲಿ ಮೆಟ್ಟಿಲ ಕೆಳಗಿನ ಪ್ರೆಸ್ಸು.
ನನ್ನ ಕೆಲಸ ಕಾಗುಣಿತ, ಅಷ್ಟೆ.
ಕಥೆ ಸರಿಯೋ ತಪ್ಪೋ ಕೇಳುವ ಹಾಗಿಲ್ಲ.
ಪುಟಕ್ಕೆ ಹನ್ನೆರಡು ರೂಪಾಯಿ,
ಕೆಂಪು ರೀಫಿಲ್ಲು ಪಾಷಾ ಸಾಹೇಬರದ್ದು.

ಕಾದಂಬರಿ ಟೀಕಪ್ಪ ಮೇಷ್ಟ್ರದ್ದು.
ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿದವರು,
ನಿವೃತ್ತಿಯ ಮೇಲೆ ಬರೆದದ್ದು, ಇನ್ನೂರ ನಲವತ್ತು ಪುಟ.
ಸೊರಬದ ಕಡೆಯ ಬಂಗಾರಿಗೆ ದನಿ ಕೇಳಿಸುತ್ತದೆ.
ಪೂಜಾರಪ್ಪ ಚೌಡಿ ಅನ್ನುತ್ತಾನೆ,
ಡಾಕ್ಟರು ಡೋಪಮಿನ್ ಅನ್ನುತ್ತಾರೆ.
ನಾನು ‘ಮಿ’ಗೆ ದೀರ್ಘ ಕೊಟ್ಟು ಮುಂದೆ ಹೋಗುತ್ತೇನೆ.

ಕೈ ನಡುಗುತ್ತದೆ, ಮಾತ್ರೆಯ ಕೊಡುಗೆ.
ಅಳಿಸು ಅನ್ನುವ ಗುರುತು
ಎರೆಹುಳದ ಹಾಗೆ ಅಂಚಿನವರೆಗೂ ಹರಿದುಹೋಗುತ್ತದೆ.
ಸಾಹೇಬರಿಗೆ ಗೊತ್ತು.
ಮೇಷ್ಟ್ರಿಗೆ ಗೊತ್ತಿಲ್ಲ.

ಪುಟ ಐವತ್ತೇಳು: ‘ಹುಚ್ಚಿ’ ಎಂದು ಊರೇ ನಗುತ್ತದೆ.
ನಮ್ಮೂರು ಶಿಕಾರಿಪುರ, ಮೇಷ್ಟ್ರೇ,
ನಮ್ಮ ದೇವರ ಹೆಸರೇ ಹುಚ್ಚರಾಯ.
ನಮ್ಮಜ್ಜನ ಹೆಸರೂ ಅದೇ, ಪಹಣಿಯಲ್ಲಿ, ರೇಶನ್ ಕಾರ್ಡಿನಲ್ಲಿ,
ಮದುವೆ ಕಾಗದದಲ್ಲಿ ‘ಶ್ರೀಮಾನ್’ ಸಮೇತ.
ಯಾರೂ ನಗಲಿಲ್ಲ.
‘ಚ’ಕ್ಕೆ ‘ಚ’ದ ಒತ್ತು. ತಪ್ಪಿಲ್ಲ. ಮುಂದೆ.

ಡಿಟಿಪಿ ಹುಡುಗನಿಗೆ ಮಹಾಪ್ರಾಣದ ಗೊಡವೆಯಿಲ್ಲ.
ಬಯ, ಬಕ್ತಿ, ಬ್ರಮೆ.
ಮೂರಕ್ಕೂ ಕೆಳಗೊಂದು ಸಣ್ಣ ಗೀಟು ಎಳೆದು ಕೊಡುತ್ತೇನೆ.
ಪ್ರೈಮರಿಯಲ್ಲಿ ಮಿಸ್ಸು ಹೇಳಿಕೊಟ್ಟಿದ್ದರು,
‘ಭ’ ಅನ್ನುವಾಗ ಅಂಗೈ ಬಾಯಿಗೆ ಹಿಡಿ, ಗಾಳಿ ತಾಗಬೇಕು.
ಹಿಡಿದು ನೋಡಿದೆ.
ಭಯಕ್ಕೂ ಭಕ್ತಿಗೂ ಭ್ರಮೆಗೂ
ತಾಗುವುದು ಒಂದೇ ಗಾಳಿ.

ಪುಟ ನೂರ ಮೂವತ್ತು. ಲಿಥಿಯಂ ಬರುತ್ತದೆ.
ಮೇಷ್ಟ್ರು ಕಥೆ ಬಿಟ್ಟು ಪಾಠಕ್ಕೆ ನಿಲ್ಲುತ್ತಾರೆ:
ಮೂರನೇ ಮೂಲವಸ್ತು, ಲೋಹಗಳಲ್ಲೆಲ್ಲ ಹಗುರ,
ನೀರಿನ ಮೇಲೆ ತೇಲುತ್ತದೆ.
ಪೆನ್ನು ಕೆಳಗಿಟ್ಟೆ.
ಹತ್ತೊಂಬತ್ತು ವರ್ಷದಿಂದ ನುಂಗುತ್ತಿದ್ದೇನೆ,
ತೇಲುವ ವಸ್ತುವೆಂದು ಒಬ್ಬರೂ ಹೇಳಿರಲಿಲ್ಲ.

ಲಿಥಿಯಂ, ಕೊನೆಗೊಂದು ಸೊನ್ನೆ.
ನಂಬಿಕೆ, ಮೊದಲಕ್ಷರದ ಪಕ್ಕದಲ್ಲೇ ಸೊನ್ನೆ.
ಮೆಗ್ಗಾನಿನ ಲ್ಯಾಬಿನಲ್ಲಿ ಮೂರು ತಿಂಗಳಿಗೊಮ್ಮೆ
ನನ್ನ ರಕ್ತದ ಲೆಕ್ಕವೂ ಸೊನ್ನೆಯಿಂದ ಶುರು:
ಸೊನ್ನೆ ಪಾಯಿಂಟ್ ಎಂಟು.
ಚೀಟಿಯನ್ನು ದೇವರ ಗೂಡಿನಲ್ಲಿ
ಭಂಡಾರದ ಬಟ್ಟಲ ಕೆಳಗೆ ಇಡುತ್ತೇನೆ.
ಅಲ್ಲಿಟ್ಟರೆ ಕಳೆಯುವುದಿಲ್ಲ. ಬೇರೆ ಕಾರಣವಿಲ್ಲ.

ನನ್ನದು ಚೌಡಿಯಲ್ಲ.
ಯಾರೋ ಹೆಂಗಸು, ಸ್ವಲ್ಪ ನೆಗಡಿಯಾದ ದನಿ.
‘ಹಾಲು ಉಕ್ಕೀತು ಕಣೇ, ಒಲೆ ನೋಡು’ ಅನ್ನುತ್ತಿದ್ದಳು.
ಓಡಿ ಹೋದರೆ ಹಾಲು ಕಂಠಕ್ಕೆ ಬಂದಿರುತ್ತಿತ್ತು.
ಒಂದು ಸಂಜೆ ತುಂಗೆಯ ಹಳೇ ಸೇತುವೆ ಮೇಲೆ
ಅದೇ ದನಿ, ಅದೇ ಅಕ್ಕರೆ,
‘ನೀರು ಬೆಚ್ಚಗಿದೆ ಕಣೇ, ಇಳಿ.’
ಕಂಬಿ ಹತ್ತಿದ್ದೆ.
ಕಬ್ಬಿನ ಹಾಲಿನ ಗಾಡಿಯವನು ರಟ್ಟೆ ಹಿಡಿದ,
ಅವನ ಕೈಯೆಲ್ಲ ಅಂಟು, ಶುಂಠಿ ವಾಸನೆ.
ಆಮೇಲೆ ಆಸ್ಪತ್ರೆ, ಮಾತ್ರೆ, ಮೌನ.
ಮೌನ ಬಂದ ವಾರವೇ ಹಾಲು ಉಕ್ಕಿಹೋಯಿತು.
ಒಲೆ ಒರೆಸುತ್ತ ತುಂಬ ಹೊತ್ತು ಅತ್ತಿದ್ದೆ,
ಹಾಲಿಗಲ್ಲ.

ಕೊನೆಯ ಪುಟ. ಮೇಷ್ಟ್ರ ಕೈಬರಹ ಹೇಳುತ್ತದೆ:
‘ಅಂದಿನಿಂದ ಬಂಗಾರಿಗೆ ಏನೂ ಕೇಳಲಿಲ್ಲ.’
ಹುಡುಗ ಬಡಿದಿದ್ದಾನೆ:
‘ಅಂದಿನಿಂದ ಬಂಗಾರಿಯನ್ನು ಏನೂ ಕೇಳಲಿಲ್ಲ.’
ಮೊದಲ ಕರಡಿನಲ್ಲೇ ಕಣ್ಣಿಗೆ ಬಿದ್ದಿತ್ತು, ಬಿಟ್ಟೆ.
ಎರಡನೆಯದರಲ್ಲೂ ಬಿಟ್ಟೆ.
ಈಗ ಹಿಂದಕ್ಕೆ ಒಂದೊಂದೇ ಹಾಳೆ ತಿರುವಿ ನೋಡಿದೆ:
ಪೂಜಾರಪ್ಪ ಹೇಳುತ್ತಾನೆ, ಡಾಕ್ಟರು ಹೇಳುತ್ತಾರೆ,
ಅಣ್ಣ ಹೇಳುತ್ತಾನೆ, ಮೇಷ್ಟ್ರಂತೂ ಹೇಳುತ್ತಲೇ ಇದ್ದಾರೆ.

ಸಾಹೇಬರು ಶಟರ್ ಅರ್ಧ ಇಳಿಸಿದರು.
‘ಆಯ್ತೇನಮ್ಮಾ? ತಪ್ಪೇನಾದರೂ ಉಳೀತಾ?’

ಕೆಂಪು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೇನೆ.